ಗಂಗೋತ್ರಿ ಗ್ಲೇಡ್ಸ್: ವಿಶ್ವವಿದ್ಯಾನಿಲಯದ ಅಂಗಳದಲ್ಲೊಂದು ರಣಜಿ ಮೈದಾನ

ಮೈಸೂರಿನ ಮಾನಸ ಗಂಗೋತ್ರಿ ಎಂದರೆ ತಟ್ಟನೆ ನೆನಪಿಗೆ ಬರುವುದು ತರಗತಿಗಳು, ಗ್ರಂಥಾಲಯ, ಜಾನಪದ ವಸ್ತುಸಂಗ್ರಹಾಲಯ ಇರುವ ಜಯಲಕ್ಷ್ಮಿ ವಿಲಾಸ ಅರಮನೆ ಮತ್ತು ಪಕ್ಕದ ಕುಕ್ಕರಹಳ್ಳಿ ಕೆರೆ. ಆದರೆ ಕ್ರಿಕೆಟ್ ಪ್ರಿಯರಿಗೆ ಈ ಹೆಸರು ಮತ್ತೊಂದು ಕಾರಣಕ್ಕೆ ಪರಿಚಿತ. ಭಾರತದ ದೇಶೀಯ ಕ್ರಿಕೆಟ್‌ನ ಅತ್ಯಂತ ರೋಚಕ ಅಂತಿಮ ಪಂದ್ಯಗಳಲ್ಲೊಂದು ನಡೆದದ್ದು ಇದೇ ಆವರಣದ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ. ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನ ಎಂದು ಕರೆಯಲಾಗುವ ಈ ಅಂಗಳದ ಒಡೆತನ ಮೈಸೂರು ವಿಶ್ವವಿದ್ಯಾನಿಲಯದ್ದು. ನಿರ್ವಹಣೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯದ್ದು. ನೆಲ ಒಬ್ಬರದು, ಹುಲ್ಲು ಇನ್ನೊಬ್ಬರದು ಎನ್ನುವ ಈ ವ್ಯವಸ್ಥೆಯಲ್ಲಿಯೇ ಮೈದಾನದ ಹೆಚ್ಚುಗಾರಿಕೆಯೂ ಇದೆ, ಅದರ ಸುತ್ತಲಿನ ಪ್ರಶ್ನೆಯೂ ಇದೆ.

ಹಿನ್ನೆಲೆ

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಬ್ರಿಟಿಷ್ ಆಡಳಿತ ಪ್ರದೇಶದ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಆರಂಭವಾದ ಮೊದಲ ವಿಶ್ವವಿದ್ಯಾನಿಲಯ ಇದು. ಅದುವರೆಗೆ ಮದ್ರಾಸ್ ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದ ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಹೊಸ ವಿಶ್ವವಿದ್ಯಾನಿಲಯದ ಎರಡು ಕಂಬಗಳಾದವು. ಈ ಎರಡೂ ಕಾಲೇಜುಗಳಿಗೆ ಅವುಗಳದ್ದೇ ಮೈದಾನಗಳಿದ್ದವು ಎಂಬುದನ್ನು ಇಲ್ಲಿ ಗಮನಿಸಬೇಕು. ಅಂದಿನ ಕಾಲೇಜು ಶಿಕ್ಷಣದ ಕಲ್ಪನೆಯಲ್ಲಿ ಆಟ ಹೊರಗಿನ ವಸ್ತುವಾಗಿರಲಿಲ್ಲ. ಉಪನ್ಯಾಸ ಕೊಠಡಿಯ ಬೆನ್ನಿಗೇ ಮೈದಾನ ಇರುತ್ತಿತ್ತು.

ಕುವೆಂಪು ಅವರು ಕುಲಪತಿಗಳಾಗಿದ್ದ 1956ರಿಂದ 1960ರ ಅವಧಿಯಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆಂದು ಪ್ರತ್ಯೇಕ ಆವರಣ ರೂಪುಗೊಂಡಿತು. ಮಾನಸ ಗಂಗೋತ್ರಿ ಎಂಬ ಹೆಸರೂ ಅವರದ್ದೇ. ಸುಮಾರು 739 ಎಕರೆಯ ಈ ವಿಸ್ತಾರದಲ್ಲಿ ವಿಭಾಗಗಳು, ವಿದ್ಯಾರ್ಥಿನಿಲಯಗಳು, ಬಯಲು ರಂಗಮಂದಿರ ಎಲ್ಲವೂ ಒಂದೊಂದಾಗಿ ಬಂದವು. ಆಟದ ಅಂಗಳಕ್ಕೂ ಅಲ್ಲಿ ಜಾಗ ಸಿಕ್ಕಿತು. ಗಂಗೋತ್ರಿಯ ಹೆಸರಿಗೆ ‘ಗ್ಲೇಡ್ಸ್’ ಸೇರಿಕೊಂಡದ್ದು ಸುತ್ತಲಿನ ಮರಗಳ ದೆಸೆಯಿಂದ ಎಂದು ಊಹಿಸಲು ಅಡ್ಡಿಯಿಲ್ಲ: ಕಾಡಿನ ನಡುವೆ ಮರಗಳಿಲ್ಲದ ಬಯಲಿಗೆ ಇಂಗ್ಲಿಷಿನಲ್ಲಿ ಆ ಪದವಿದೆ. ಮೈದಾನವನ್ನು ಕಂಡವರಿಗೆ ಹೆಸರು ಹೊಂದುತ್ತದೆ ಎನ್ನಿಸದೆ ಇರದು.

ಮೈಸೂರಿಗೆ ಕ್ರಿಕೆಟ್ ಹೊಸದೇನಲ್ಲ. ಗೂಗ್ಲಿ ಮಾಂತ್ರಿಕ ಬಿ.ಎಸ್. ಚಂದ್ರಶೇಖರ್ ಹುಟ್ಟಿದ್ದು 1945ರಲ್ಲಿ ಇದೇ ಊರಿನಲ್ಲಿ. ಬೆಂಗಳೂರಿನವರಾದ ಇ.ಎ.ಎಸ್. ಪ್ರಸನ್ನ 1962ರಲ್ಲಿ ಟೆಸ್ಟ್ ಪ್ರವೇಶ ಮಾಡಿ, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದ ಮೇಲೆ ಎಂಜಿನಿಯರಿಂಗ್ ಪದವಿ ಪೂರೈಸುವುದಕ್ಕಾಗಿ ಭಾರತ ತಂಡದಿಂದ ದೂರ ಉಳಿದರು. ಅವರು ಓದಿದ್ದು ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್‌ನಲ್ಲಿ. ಮತ್ತೆ ಟೆಸ್ಟ್ ಆಡಲು ಅವರು 1967ರವರೆಗೆ ಕಾಯಬೇಕಾಯಿತು. ಇಂದಿನ ಆಟಗಾರರ ತಂದೆತಾಯಂದಿರು ಈ ಸಂಗತಿಯನ್ನು ನಂಬುವುದು ಕಷ್ಟ! ಮುಂದೆ ಮೈಸೂರಿನವರೇ ಆದ ಜಾವಗಲ್ ಶ್ರೀನಾಥ್, ಮಾನಸ ಗಂಗೋತ್ರಿಗೆ ಹೊಂದಿಕೊಂಡಂತೆಯೇ ಇರುವ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದು ದೇಶದ ಪ್ರಮುಖ ವೇಗಿಯಾದರು.

ಆಗ ಈ ಎಂಜಿನಿಯರಿಂಗ್ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದವು. ವಿಶ್ವವಿದ್ಯಾನಿಲಯದ ಕ್ರೀಡಾ ಬಲ ಅರ್ಥವಾಗಬೇಕಾದರೆ ಈ ವ್ಯಾಪ್ತಿ ಹೇಗೆ ಕಿರಿದಾಗುತ್ತಾ ಬಂತು ಎಂಬುದನ್ನು ತಿಳಿಯಬೇಕು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಶಿವಮೊಗ್ಗದ ಕುವೆಂಪು ವಿಶ್ವವಿದ್ಯಾನಿಲಯಗಳು ಪ್ರತ್ಯೇಕಗೊಂಡವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಬಂದ ಮೇಲೆ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಹೊರಟರು. ಇತ್ತೀಚಿನ ವರ್ಷಗಳಲ್ಲಿ ಮಂಡ್ಯ, ಹಾಸನ, ಚಾಮರಾಜನಗರಗಳಿಗೂ ಸ್ವಂತ ವಿಶ್ವವಿದ್ಯಾನಿಲಯಗಳಾದವು. ಮೈದಾನಗಳು ಇದ್ದಲ್ಲೇ ಉಳಿದವು. ಅವುಗಳ ಮೇಲೆ ಆಡಬೇಕಿದ್ದ ಹುಡುಗ ಹುಡುಗಿಯರು ಹಂಚಿಹೋದರು.

ಆರು ಓಟಗಳ ಅಂತರ

2010ರ ಜನವರಿ 11. ರಣಜಿ ಟ್ರೋಫಿ ಅಂತಿಮ ಪಂದ್ಯಕ್ಕೆ ಕರ್ನಾಟಕ ಮತ್ತು ಮುಂಬೈ ತಂಡಗಳು ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಎದುರಾದವು. 1998-99ರ ಬಳಿಕ ಕರ್ನಾಟಕ ಪ್ರಶಸ್ತಿ ಗೆದ್ದಿರಲಿಲ್ಲ. ಕರ್ನಾಟಕಕ್ಕೆ ರಾಬಿನ್ ಉತ್ತಪ್ಪ, ಮುಂಬೈಗೆ ವಾಸಿಂ ಜಾಫರ್ ನಾಯಕರು. ಹಸಿರು ಉಳಿಸಿಕೊಂಡಿದ್ದ ಪಿಚ್‌ನಲ್ಲಿ ವೇಗದ ಬೌಲರ್‌ಗಳದ್ದೇ ಕಾರುಬಾರು.

ಮುಂಬೈ ಮೊದಲ ಇನಿಂಗ್ಸ್‌ನಲ್ಲಿ 233 ಓಟ ಗಳಿಸಿತು. ಉತ್ತರವಾಗಿ ಕರ್ನಾಟಕ ಕೇವಲ 130ಕ್ಕೆ ಕುಸಿಯಿತು. ಆವಿಷ್ಕಾರ್ ಸಾಳ್ವಿ ಐದು ವಿಕೆಟ್ ಕಿತ್ತರು. 103 ಓಟಗಳ ಮುನ್ನಡೆ ಪಡೆದ ಮುಂಬೈ ಎರಡನೇ ಇನಿಂಗ್ಸ್‌ನಲ್ಲಿ ಆರಂಭದ ವಿಕೆಟ್‌ಗಳನ್ನು ಬೇಗನೆ ಕಳೆದುಕೊಂಡಿತು. ಅದೇ ಋತುವಿನಲ್ಲಿ ರಣಜಿಗೆ ಕಾಲಿಟ್ಟಿದ್ದ ಅಭಿಮನ್ಯು ಮಿಥುನ್ ಆರು ವಿಕೆಟ್ ಪಡೆದರು. ಪಂದ್ಯ ಕರ್ನಾಟಕದ ಕೈಗೆ ಬಂತೆನ್ನುವಷ್ಟರಲ್ಲಿ ಬೌಲರ್ ಧವಳ್ ಕುಲಕರ್ಣಿ ಬ್ಯಾಟು ಹಿಡಿದು 87 ಓಟ ಹೊಡೆದರು. ಮುಂಬೈ 234ಕ್ಕೆ ಮುಟ್ಟಿತು. ಕರ್ನಾಟಕದ ಮುಂದಿದ್ದ ಗುರಿ 338.

ಇಪ್ಪತ್ತರ ಹರೆಯದ ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ಜತೆಗೂಡಿ ಆಡಿದ ಆಟ ಆ ಗುರಿಯನ್ನು ಸಾಧ್ಯವಾಗಿಸಿತ್ತು. ಪಾಂಡೆ 144, ಸತೀಶ್ 75. ಜನವರಿ 14, ಸಂಕ್ರಾಂತಿಯ ದಿನ. ಎಳ್ಳು ಬೆಲ್ಲ ಹಂಚಬೇಕಿದ್ದ ಹೊತ್ತಿಗೆ ಊರಿಗೆ ಊರೇ ಮೈದಾನದತ್ತ ಹರಿದಿತ್ತು. ಆಸನಗಳು ತುಂಬಿ, ಸುತ್ತಲಿನ ಮರಗಳ ಕೊಂಬೆಗಳ ಮೇಲೂ ಜನ ಹತ್ತಿ ಕುಳಿತಿದ್ದರು. ದೇಶೀಯ ಪಂದ್ಯಗಳೆಂದರೆ ಖಾಲಿ ಗ್ಯಾಲರಿ ಎಂಬ ಮಾತು ರೂಢಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಅಜಿತ್ ಅಗರ್ಕರ್ ಐದು ವಿಕೆಟ್ ಕಬಳಿಸಿದರು. ಕರ್ನಾಟಕ 331ಕ್ಕೆ ಆಲೌಟ್. ಆರು ಓಟಗಳಿಂದ ಗೆದ್ದ ಮುಂಬೈ 39ನೇ ಬಾರಿ ರಣಜಿ ಟ್ರೋಫಿ ಎತ್ತಿಕೊಂಡಿತು.

ಸೋತ ಪಂದ್ಯವನ್ನು ಇಷ್ಟು ಪ್ರೀತಿಯಿಂದ ನೆನೆಯುವ ಊರು ಮತ್ತೊಂದು ಇರಲಾರದು. ಆ ಋತುವಿನಲ್ಲಿ 882 ಓಟ ಗಳಿಸಿ ಪಾಂಡೆ ಅಗ್ರಸ್ಥಾನ ಪಡೆದರು. 47 ವಿಕೆಟ್ ಪಡೆದಿದ್ದ ಮಿಥುನ್ ಅದೇ ವರ್ಷ ಜುಲೈನಲ್ಲಿ ಗಾಲ್‌ನಲ್ಲಿ ಟೆಸ್ಟ್ ಆಡಿದರು. ಕರ್ನಾಟಕ ಪ್ರಶಸ್ತಿಗಾಗಿ 2013-14ರವರೆಗೆ ಕಾಯಿತು.

ಹೆಸರು ಬದಲಾದ ಬಗೆ

2010ರ ಆ ಪಂದ್ಯ ನಡೆದಾಗ ಕೆಎಸ್‌ಸಿಎ ಅಧ್ಯಕ್ಷರಾಗಿದ್ದವರು ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ವಿಶ್ವವಿದ್ಯಾನಿಲಯ ಸ್ಥಾಪಿಸಿದ ನಾಲ್ವಡಿಯವರು ಇವರ ತಂದೆ ಜಯಚಾಮರಾಜ ಒಡೆಯರ್ ಅವರ ದೊಡ್ಡಪ್ಪ. 2013ರ ಡಿಸೆಂಬರ್ ಆರಂಭದಲ್ಲಿ ಮತ್ತೆ ಅಧ್ಯಕ್ಷರಾಗಿ ಆಯ್ಕೆಯಾದ ಒಡೆಯರ್, ಕೆಲವೇ ದಿನಗಳಲ್ಲಿ, ಡಿಸೆಂಬರ್ 10ರಂದು ನಿಧನರಾದರು. ಬಳಿಕ ಮೈದಾನಕ್ಕೆ ಅವರ ಹೆಸರಿಡಲಾಯಿತು. ಹಳೆಯ ಅಭಿಮಾನಿಗಳ ಬಾಯಲ್ಲಿ ಮಾತ್ರ ಅದು ಇನ್ನೂ ‘ಗ್ಲೇಡ್ಸ್’.

ಹೆಸರು ಯಾವುದೇ ಇರಲಿ, ಮೈದಾನ ಸುಮ್ಮನೆ ಕುಳಿತಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಭಾರತ ‘ಎ’ ಮತ್ತು ವೆಸ್ಟ್ ಇಂಡೀಸ್ ‘ಎ’ ತಂಡಗಳ ನಡುವಿನ ಮೊದಲ ಅನಧಿಕೃತ ಟೆಸ್ಟ್ ಇಲ್ಲಿ ನಡೆದು, ಪ್ರವಾಸಿ ತಂಡ 162 ಓಟಗಳಿಂದ ಗೆದ್ದಿತು. 2019ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ಲಯನ್ಸ್ ವಿರುದ್ಧ ಭಾರತ ‘ಎ’ ಇನಿಂಗ್ಸ್ ಮತ್ತು 68 ಓಟಗಳ ಜಯ ಪಡೆದದ್ದೂ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ‘ಎ’ ವಿರುದ್ಧ ಡ್ರಾ ಮಾಡಿಕೊಂಡದ್ದೂ ಇಲ್ಲೇ. ಶುಭಮನ್ ಗಿಲ್, ಏಡನ್ ಮಾರ್ಕ್ರಮ್ ಆ ಪಂದ್ಯದಲ್ಲಿ ಆಡಿದ್ದರು. ಗಿಲ್ 92ಕ್ಕೆ ಔಟಾದರೆ ಮಾರ್ಕ್ರಮ್ 161 ಹೊಡೆದರು. 2009ರಿಂದ 2019ರವರೆಗೆ ನಡೆದ ಕರ್ನಾಟಕ ಪ್ರೀಮಿಯರ್ ಲೀಗ್‌ನ ಹಲವು ಪಂದ್ಯಗಳನ್ನೂ, 2022ರಲ್ಲಿ ಶುರುವಾದ ಮಹಾರಾಜ ಟ್ರೋಫಿಯ ಮೊದಲ ಹಂತವನ್ನೂ ಮೈಸೂರು ಕಂಡಿತು.

ಹುಲ್ಲಿನ ಲೆಕ್ಕ

ಇಷ್ಟೆಲ್ಲ ಆಗುವುದಕ್ಕೆ ಮೈದಾನ ಹೇಗಿರಬೇಕು? ಸಾಮಾನ್ಯ ಓದುಗರಿಗೆ ಪಿಚ್ ಎಂದರೆ ನಡುವಿನ 22 ಗಜದ ಪಟ್ಟಿ. ವಾಸ್ತವದಲ್ಲಿ ಅಂಥ ಹಲವು ಪಟ್ಟಿಗಳು ಅಕ್ಕಪಕ್ಕದಲ್ಲಿರುತ್ತವೆ. ಒಂದೊಂದೂ ಸುಮಾರು 10 ಅಡಿ ಅಗಲ. ತಳದಲ್ಲಿ ನೀರು ಬಸಿಯುವ ಪದರ, ಮೇಲೆ ಜಿಗುಟು ಮಣ್ಣು. ನೀರುಣಿಸಿ, ಹುಲ್ಲು ಬೆಳೆಸಿ, ಕತ್ತರಿಸಿ, ರೋಲರ್ ಎಳೆದು, ಒಣಗಿಸಿ ಪಂದ್ಯಕ್ಕೆ ಅಣಿಗೊಳಿಸಬೇಕು. ನಾಲ್ಕು ದಿನಗಳ ಪಂದ್ಯವೊಂದು ಮುಗಿದರೆ ಆ ಪಟ್ಟಿಗೆ ವಾರಗಟ್ಟಲೆ ವಿಶ್ರಾಂತಿ. ಮಳೆ ಬಂದರೆ ಹೊದಿಕೆ ಹಾಸಬೇಕು, ಹೊದಿಕೆ ಹೆಚ್ಚು ಹೊತ್ತು ಇದ್ದರೆ ಹುಲ್ಲು ಹಳದಿಗಟ್ಟುತ್ತದೆ. ಈ ಕೆಲಸ ಬಲ್ಲ ಮೈದಾನ ಸಿಬ್ಬಂದಿ ವರ್ಷವಿಡೀ ಇರಬೇಕು.

ಯಾವ ಸರಕಾರಿ ವಿಶ್ವವಿದ್ಯಾನಿಲಯವೂ ತನ್ನ ಆಯವ್ಯಯದಲ್ಲಿ ಇದಕ್ಕೆ ಹಣ ಹೊಂದಿಸುವುದು ಸುಲಭವಲ್ಲ. ಅನುದಾನ ಸಾಲದೆ, ನಿವೃತ್ತರ ಪಿಂಚಣಿಗೇ ಪರದಾಡುವ ಸ್ಥಿತಿ ರಾಜ್ಯದ ಹಳೆಯ ವಿಶ್ವವಿದ್ಯಾನಿಲಯಗಳದ್ದು. ಹಾಗಾಗಿ ಕ್ರಿಕೆಟ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ನೆಲ ಒಪ್ಪಿಸಿದ್ದನ್ನು ತಪ್ಪೆನ್ನಲಾಗದು. ಆ ಒಪ್ಪಂದ ಇಲ್ಲದಿದ್ದರೆ 2010ರ ಸಂಕ್ರಾಂತಿಯೂ ಇರುತ್ತಿರಲಿಲ್ಲ.

ಆದರೆ ಇದಕ್ಕೊಂದು ಬೆಲೆಯಿದೆ. ಪ್ರಥಮ ದರ್ಜೆಯ ಕ್ರಿಕೆಟ್‌ಗೆ ಸಿದ್ಧವಾದ ಅಂಗಳದಲ್ಲಿ ಫುಟ್‌ಬಾಲ್ ಆಡುವಂತಿಲ್ಲ, ಹಾಕಿ ಆಡುವಂತಿಲ್ಲ, ಈಟಿ ಎಸೆಯುವಂತಿಲ್ಲ. ಸಂಜೆ ತರಗತಿ ಮುಗಿಸಿದ ವಿದ್ಯಾರ್ಥಿ ಟೆನಿಸ್ ಚೆಂಡು ಹಿಡಿದು ಒಳಗೆ ಹೋಗುವಂತೆಯೂ ಇಲ್ಲ. ಮೈದಾನ ಎಷ್ಟು ಉತ್ತಮವಾಗುತ್ತದೋ ಅಷ್ಟರ ಮಟ್ಟಿಗೆ ಅದರ ಬಾಗಿಲು ಕಿರಿದಾಗುತ್ತದೆ. ವಿಶ್ವವಿದ್ಯಾನಿಲಯದ ಅಂಗಳ ಮೊದಲು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ.

ಬಾಗಿಲು ತೆರೆದೇ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಮೈಸೂರಿನಲ್ಲೇ ಇದೆ: ಮಹಾರಾಜ ಕಾಲೇಜು ಮೈದಾನ. ಊರಿನ ನಡುವೆ ಇರುವ, ವಿಶ್ವವಿದ್ಯಾನಿಲಯಕ್ಕೇ ಸೇರಿದ ಈ ಮೈದಾನದಲ್ಲಿ ನಡೆಯದ ಕಾರ್ಯಕ್ರಮವಿಲ್ಲ. 2017ರ ನವೆಂಬರ್ 24ರಿಂದ 26ರವರೆಗೆ ಚಂದ್ರಶೇಖರ ಪಾಟೀಲರ ಅಧ್ಯಕ್ಷತೆಯಲ್ಲಿ 83ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇಲ್ಲಿ. ಪ್ರಧಾನಿ ನರೇಂದ್ರ ಮೋದಿ 2022ರ ಜೂನ್ 20ರಂದು ಬಂದಾಗ ಸಭೆ ಸೇರಿದ್ದೂ ಇಲ್ಲಿ. ಚುನಾವಣಾ ಸಮಾವೇಶಗಳಂತೂ ಎಲ್ಲ ಪಕ್ಷಗಳದ್ದೂ ನಡೆದಿವೆ. ದಸರಾ ಬಂದರೆ ಯುವ ದಸರೆಯ ವೇದಿಕೆ ವರ್ಷಗಳ ಕಾಲ ಇಲ್ಲೇ ಏಳುತ್ತಿತ್ತು. 2024ರಲ್ಲಿ ಅದನ್ನು ನಗರದ ಹೊರಗಿನ ಉತ್ತನಹಳ್ಳಿಗೆ ಒಯ್ಯಲಾಯಿತು.

ಸಮ್ಮೇಳನ ಬೇಡ, ಸಭೆ ಬೇಡ ಎಂದು ಯಾರೂ ಹೇಳಲಾರರು. ಸಾವಿರಾರು ಜನ ಕೂರಲು ಊರ ನಡುವೆ ಬೇರೆ ಜಾಗವೂ ಇಲ್ಲ. ಆದರೆ ಪೆಂಡಾಲ್ ಕಂಬಗಳಿಗೆ ಗುಂಡಿ ತೋಡಬೇಕು; ಲಾರಿ, ಕ್ರೇನ್‌ಗಳು ಒಳಗೆ ಬರಬೇಕು; ಕೆಸರಾಗದಿರಲೆಂದು ಜಲ್ಲಿ ಸುರಿಯಬೇಕು. ಕಾರ್ಯಕ್ರಮ ಮೂರು ದಿನದ್ದಾದರೂ ಸಿದ್ಧತೆ, ತೆರವು ಸೇರಿ ಆಟ ನಿಲ್ಲುವುದು ವಾರಗಟ್ಟಲೆ. ಗುಂಡಿ ಮುಚ್ಚಿದರೂ ನೆಲ ಮೊದಲಿನಂತಾಗುವುದಿಲ್ಲ. ಮಣ್ಣಿನಲ್ಲಿ ಉಳಿದ ಒಂದು ಮೊಳೆ ಓಟಗಾರ್ತಿಯೊಬ್ಬಳ ಇಡೀ ಋತುವನ್ನೇ ಕೆಡಿಸಬಲ್ಲದು. ವಿದ್ಯಾರ್ಥಿಗಳ ಪಾಲಿಗೆ ಮುಚ್ಚಿದ ಮೈದಾನ ಕೈಗೆಟಕದು, ತೆರೆದ ಮೈದಾನ ಕಾಲಿಗೊಗ್ಗದು.

ಹೀಗಿರುವಾಗ ವಿಶ್ವವಿದ್ಯಾನಿಲಯದ ಅಥ್ಲೆಟಿಕ್ಸ್ ಮತ್ತು ಅಂತರ ಕಾಲೇಜು ಕ್ರೀಡಾಕೂಟಗಳ ಭಾರ ಬಿದ್ದಿರುವುದು ಸರಸ್ವತಿಪುರಂ ಕಡೆಯ ಸ್ಪೋರ್ಟ್ಸ್ ಪೆವಿಲಿಯನ್ ಹಾಗೂ ಓವಲ್ ಮೈದಾನಗಳ ಮೇಲೆ. ಈ ಕೂಟಗಳು ಸಣ್ಣವೆಂದು ತಳ್ಳಿಹಾಕುವಂತಿಲ್ಲ. ಕಾಲೇಜು ತಂಡದಿಂದ ವಿಶ್ವವಿದ್ಯಾನಿಲಯ ತಂಡಕ್ಕೆ, ಅಲ್ಲಿಂದ ದಕ್ಷಿಣ ವಲಯಕ್ಕೆ, ಅಲ್ಲಿಂದ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕೂಟಕ್ಕೆ ಏರುವ ಮೆಟ್ಟಿಲಿನ ಮೊದಲ ಹಂತ ಇದೇ. ಇದನ್ನೆಲ್ಲ ನಡೆಸುವ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಳಿ ಎಂಬ ಹೆಸರಿನಿಂದ ಹುಟ್ಟಿದ್ದು. ಅಂತರ ವಿಶ್ವವಿದ್ಯಾನಿಲಯ ಕ್ರಿಕೆಟ್‌ನ ರೋಹಿಂಟನ್ ಬಾರಿಯಾ ಟ್ರೋಫಿಯಂತೂ 1935-36ರಿಂದಲೂ ಇದೆ. ಅಂದರೆ ರಣಜಿ ಟ್ರೋಫಿಗಿಂತ ಒಂದೇ ವರ್ಷ ಚಿಕ್ಕದು. ಒಂದು ಕಾಲಕ್ಕೆ ಟೆಸ್ಟ್ ಆಟಗಾರರ ಆಯ್ಕೆಗೆ ಇದೂ ಒಂದು ಬಾಗಿಲಾಗಿತ್ತು. ಈಗ ಆ ಬಾಗಿಲಿನತ್ತ ನೋಡುವವರು ಕಡಿಮೆ.

ಬೆಂಗಳೂರಿನ ಅನುಭವ

ಇದು ಮೈಸೂರೊಂದರ ಕಥೆಯಲ್ಲ. ಮೇಲೆ ಹೇಳಿದ ಸೆಂಟ್ರಲ್ ಕಾಲೇಜು ಮೈದಾನವೂ ಚಿನ್ನಸ್ವಾಮಿ ಕ್ರೀಡಾಂಗಣ ತಲೆ ಎತ್ತುವ ಮುನ್ನ ಮೈಸೂರು ರಾಜ್ಯ ತಂಡದ ರಣಜಿ ಪಂದ್ಯಗಳಿಗೆ ಅಂಗಳ ಒದಗಿಸಿತ್ತು. 1974ರ ನವೆಂಬರ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಮೊದಲ ಟೆಸ್ಟ್ ನಡೆಯಿತು. ದೊಡ್ಡ ಕ್ರಿಕೆಟ್ ಅಲ್ಲಿಗೆ ಹೊರಟುಹೋಯಿತು. ಅಂದರೆ ಬೆಂಗಳೂರಿನಲ್ಲಿ ಕ್ರಿಕೆಟ್ ಸಂಸ್ಥೆ ವಿಶ್ವವಿದ್ಯಾನಿಲಯದ ಮೈದಾನ ಬಿಟ್ಟು ಸ್ವಂತ ಮನೆ ಕಟ್ಟಿಕೊಂಡಿತು, ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಮನೆಯಲ್ಲೇ ಉಳಿಯಿತು.

ರಾಜಧಾನಿಯ ಉತ್ತರ ಭಾಗದವರಿಗೆ ಇನ್ನೂ ಹತ್ತಿರದ ಉದಾಹರಣೆ ಬ್ಯಾಟರಾಯನಪುರದ ಬಳಿಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರ. 1964ರಲ್ಲಿ ಹುಟ್ಟಿದ ಕೃಷಿ ವಿಶ್ವವಿದ್ಯಾನಿಲಯದ ಈ ವಿಶಾಲ ಆವರಣವನ್ನು ಜನ ಬಲ್ಲದ್ದು ಪ್ರತಿ ವರ್ಷದ ಕೃಷಿ ಮೇಳದಿಂದ. ಕೃಷಿ ವಿಶ್ವವಿದ್ಯಾನಿಲಯಗಳಿಗೇ ಪ್ರತ್ಯೇಕವಾದ ಅಖಿಲ ಭಾರತ ಕ್ರೀಡಾಕೂಟವೊಂದಿದೆ ಎಂಬುದು ಮೇಳಕ್ಕೆ ಹೋಗಿ ಬೀಜ, ಸಸಿ ತರುವ ಎಷ್ಟು ಮಂದಿಗೆ ಗೊತ್ತು? ಬಳ್ಳಾರಿ ರಸ್ತೆಯುದ್ದಕ್ಕೂ ಬಯಲುಗಳೆಲ್ಲ ಕಟ್ಟಡಗಳಾದ ಮೇಲೆ, ಇಂಥ ಆವರಣಗಳ ಬಯಲಿಗೆ ಬಂದಿರುವ ಬೆಲೆ ಬರೀ ಆಟದ್ದಲ್ಲ.

2022ರ ಏಪ್ರಿಲ್ 24ರಂದು ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದ ಎರಡನೇ ಆವೃತ್ತಿ ಬೆಂಗಳೂರಿನಲ್ಲಿ ಆರಂಭವಾಯಿತು. ಆತಿಥ್ಯ ಜೈನ್ ವಿಶ್ವವಿದ್ಯಾನಿಲಯದ್ದು. ಉದ್ಘಾಟನೆ ನಡೆದದ್ದು ಕಂಠೀರವ ಕ್ರೀಡಾಂಗಣದಲ್ಲಿ. ಶತಮಾನ ಕಂಡ ಸರಕಾರಿ ವಿಶ್ವವಿದ್ಯಾನಿಲಯ ಇರುವ ರಾಜ್ಯದಲ್ಲಿ ಈ ಗೌರವ ಖಾಸಗಿ ಸಂಸ್ಥೆಯೊಂದಕ್ಕೆ ಒಲಿದದ್ದನ್ನು ಸುಮ್ಮನೆ ನೋಡಿ ಮುಂದೆ ಹೋಗುವಂತಿಲ್ಲ.

2025ರ ಆಗಸ್ಟ್

ಗ್ಲೇಡ್ಸ್‌ಗೆ ಮರಳೋಣ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸಂಭವಿಸಿದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅದರ ಪರಿಣಾಮವಾಗಿ ಆ ವರ್ಷದ ಮಹಾರಾಜ ಟ್ರೋಫಿಯನ್ನು ಬೆಂಗಳೂರಿನಿಂದ ಮೈಸೂರಿಗೆ ಸ್ಥಳಾಂತರಿಸಲಾಯಿತು. ಆಗಸ್ಟ್ 11ರಿಂದ 28ರವರೆಗೆ ಇಡೀ ಟೂರ್ನಿ ವಿಶ್ವವಿದ್ಯಾನಿಲಯದ ಈ ಅಂಗಳದಲ್ಲೇ ನಡೆಯಿತು. ಹೊನಲು ಬೆಳಕು, ಟಿವಿ ಕ್ಯಾಮೆರಾ, ರಾಜ್ಯದ ಹೆಸರಾಂತ ಆಟಗಾರರು ಎಲ್ಲವೂ ಬಂದವು. ಜನಸಂದಣಿಯ ಭಯದಿಂದ, ಪಂದ್ಯಗಳು ಆರಂಭವಾದದ್ದು ಮಾತ್ರ ಪ್ರೇಕ್ಷಕರಿಗೆ ಪ್ರವೇಶವಿಲ್ಲದೆ. ಅಂತಿಮ ಪಂದ್ಯದಲ್ಲಿ ಮಂಗಳೂರು ಡ್ರಾಗನ್ಸ್ ತಂಡ ಹುಬ್ಬಳ್ಳಿ ಟೈಗರ್ಸ್ ತಂಡವನ್ನು ಮಳೆ ನಿಯಮದನ್ವಯ ಸೋಲಿಸಿ ಪ್ರಶಸ್ತಿ ಪಡೆಯಿತು.